ನೋಡದೇ ಹೆಸರಿಟ್ಟವರು

ಮೂವತ್ತು ವರ್ಷ ದನದ ದಲ್ಲಾಳಿಯಾಗಿ ಬದುಕಿದವನು ನಾನು. ಬಾಯಿ ಬಿಡಿಸಿ ಹಲ್ಲು ನೋಡದೆ, ಗೊರಸು ಎತ್ತಿಸದೆ, ಹತ್ತು ಹೆಜ್ಜೆ ನಡೆಸಿ ನೋಡದೆ ಒಂದು ಎತ್ತಿಗೂ ಬೆಲೆ ಹೇಳಿದವನಲ್ಲ. ಹೇಳಿದ್ದರೆ ಮಾನ್ವಿಯ ಸಂತೆಯವರು ಮರುವಾರ ನನ್ನನ್ನು ಒಳಗೆ ಬಿಡುತ್ತಿರಲಿಲ್ಲ. ಆದರೆ ನನಗೇ ಕಾಯಿಲೆ ಬಂದಾಗ, ಮೂರು ಊರಲ್ಲಿ ಮೂವರು, ಓದಿದವರು, ಗಾದಿ ಹಾಕಿಕೊಂಡು ಕುಳಿತವರು, ನನ್ನ ಧೋತರದ ಅಂಚನ್ನೂ ಸರಿಸದೆ ನನ್ನ ರೋಗಕ್ಕೆ ಹೆಸರಿಟ್ಟರು. ಆ ಹೆಸರು ನನ್ನ ಸಂಸಾರವನ್ನು ಎಂಟು ತಿಂಗಳು ಎರಡು ಊರಿಗೆ ಹಂಚಿತು. ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂದು ನಾನು ಬಯಸಿಯೂ ಇಲ್ಲ.

ಕಾಯಿಲೆ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಕಳೆದುಕೊಂಡದ್ದು ಸಾಕು. ಗಂಡಸಿನ ಅಂಗದಲ್ಲಿ, ಚರ್ಮದ ಕೆಳಗೆ, ಒಂದು ಕಡೆ ಗಟ್ಟಿ ಪದರ ಕಟ್ಟಿಕೊಳ್ಳುತ್ತದೆ. ಬೆರಳಿಟ್ಟರೆ ತೊಗರಿ ಕಾಳಿನಂತೆ ಸಿಗುತ್ತದೆ. ಅಂಗ ನಿಗುರಿದಾಗ ಆ ಗಟ್ಟಿಯಾದ ಕಡೆಗೇ ಬಾಗುತ್ತದೆ, ನೋಯುತ್ತದೆ. ಈಗಿನ ಡಾಕ್ಟರರು ಪೆರೋನಿ ಕಾಯಿಲೆ ಎನ್ನುತ್ತಾರೆ. ಹೆಂಗಸಿನಿಂದ ಬರುವುದಲ್ಲ, ಹೆಂಗಸಿಗೆ ಹೋಗುವುದೂ ಅಲ್ಲ. ಇಷ್ಟೇ ಮಾತು. ಇದನ್ನು ಕೇಳುವುದಕ್ಕೆ ನಾನು ಮಾನ್ವಿ, ದೇವದುರ್ಗ, ರಾಯಚೂರು ಸುತ್ತಿದೆ.

ಆಗ ಎರಡನೆಯ ದೊಡ್ಡ ಲಡಾಯಿ ನಡೆದಿತ್ತು. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ನನಗೆ ನಲವತ್ತು ದಾಟಿತ್ತು. ಮಟಮಾರಿಯಲ್ಲಿ ಪರರ ದನ ಕಾಯುತ್ತ ಬೆಳೆದು, ಮಾನ್ವಿಗೆ ಬಂದು, ಯಾರ ಹೆಗಲ ಮೇಲೂ ಕೈಯಿಡದೆ ದಲ್ಲಾಳಿ ಎನಿಸಿಕೊಂಡಿದ್ದೆ. ಹೆಂಡತಿ ದೇವದುರ್ಗದವಳು. ಒಬ್ಬಳೇ ಮಗಳು, ಅವಳನ್ನು ಸಿರವಾರದ ಹತ್ತಿರ ಕೊಟ್ಟಿದ್ದೆವು. ಮನೆಯಲ್ಲಿ ನಾವಿಬ್ಬರೇ.

ನೋವು ಶುರುವಾದದ್ದು ಬೇಸಿಗೆಯಲ್ಲಿ. ಎರಡು ತಿಂಗಳಲ್ಲಿ ಬಾಗು ಕಾಣಿಸಿತು. ಹೆಂಡತಿಗೆ ಹೇಳಲಿಲ್ಲ. ಬೆನ್ನು ನೋವು ಎಂದು ಪಡಸಾಲೆಯಲ್ಲಿ ಚಾಪೆ ಹಾಸಿದೆ. ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆ ಇದೆ: ಮಾರುವವನು ಕುಂದನ್ನು ತಾನಾಗಿ ಹೇಳುವುದಿಲ್ಲ, ಕೊಳ್ಳುವವನು ಹುಡುಕಿ ನೋಡಬೇಕು. ಹುಡುಕಿ ಕೇಳಿದರೆ ಸುಳ್ಳು ಹೇಳುವಂತಿಲ್ಲ. ಇದು ಸಂತೆಗೆ ಸರಿ. ನಾನು ಮಾಡಿದ ತಪ್ಪೆಂದರೆ, ಅದೇ ಕಟ್ಟಳೆಯನ್ನು ಹಿಡಿದುಕೊಂಡು ವೈದ್ಯರ ಮುಂದೆ ಹೋಗಿ ಕುಳಿತದ್ದು. ಅವರು ಹುಡುಕಿ ನೋಡುತ್ತಾರೆ, ಕೇಳುತ್ತಾರೆ, ಆಗ ಹೇಳಿದರಾಯಿತು ಎಂದುಕೊಂಡೆ.

ಮಾನ್ವಿಯ ಬಜಾರಿನಲ್ಲಿ ಒಬ್ಬ ಹಕೀಮರಿದ್ದರು. ಸಂಭಾವಿತರು. ಅತ್ತರಿನ ವಾಸನೆಯ ಕೋಣೆ, ಗೋಡೆ ತುಂಬ ಬರಣಿಗಳು. ನಾಡಿ ಹಿಡಿದರು, ಕಣ್ಣು ಮುಚ್ಚಿದರು.

"ತಕಲೀಫು ಎಲ್ಲಿ ಅದ?"

"ಕೆಳಗ್ರಿ," ಎಂದೆ.

"ಕೆಳಗ ಅಂದ್ರ?"

"ಗಂಡಸರದು."

ಕಣ್ಣು ತೆರೆದರು. ಇನ್ನು ನೋಡುತ್ತಾರೆ ಎಂದು ನಾನು ಸ್ವಲ್ಪ ಸರಿದು ಕುಳಿತೆ. ಅವರು ನೋಡಿದ್ದು ಬಾಗಿಲ ಕಡೆಗೆ, ಯಾರಾದರೂ ಕೇಳಿಸಿಕೊಂಡರೇನೋ ಎಂದು.

"ಸಮಝ್ ಗಯಾ. ಗರ್ಮಿ ಅದ. ಸಂತಿ ಸಂತಿ ತಿರಗವರಿಗೆ ಬರೂದೇ. ನಾಚಬ್ಯಾಡ್ರಿ. ಹನ್ನೊಂದು ದಿನ ಲೇಪ ಹಚ್ಚರಿ, ತೌಬಾ ಮಾಡ್ರಿ, ಮತ್ತ ಆ ಕಡಿ ಹೋಗಬ್ಯಾಡ್ರಿ."

"ಯಾವ ಕಡಿಗ್ರಿ?"

"ಅದು ನಿಮಗ ಗೊತ್ತು," ಎಂದು ನಕ್ಕರು.

ಗರ್ಮಿ ಎಂದರೆ ನಮ್ಮ ಕಡೆ ಬಜಾರಿ ಹೆಂಗಸರಿಂದ ಅಂಟುವ ಕೆಟ್ಟ ರೋಗ. ನನಗೆ ಹುಣ್ಣಿರಲಿಲ್ಲ, ಕೀವಿರಲಿಲ್ಲ, ಹೆಂಡತಿಯ ಹೊರತು ಇನ್ನೊಬ್ಬರ ನೆರಳೂ ತಾಕಿರಲಿಲ್ಲ. ಅದನ್ನು ಅವರು ಕೇಳಲೇ ಇಲ್ಲ. ಲೇಪ ಹಚ್ಚಿದೆ. ಚರ್ಮ ಉರಿದು ಸುಲಿಯಿತು. ಒಳಗಿನ ಗಟ್ಟಿ ಇದ್ದಲ್ಲೇ ಇತ್ತು.

ಮಾನ್ವಿಯಲ್ಲಿ ಸುದ್ದಿಯಾದೀತೆಂದು ಹೆದರಿ ಮುಂದಿನ ಪ್ರಯತ್ನಕ್ಕೆ ದೇವದುರ್ಗಕ್ಕೆ ಹೋದೆ. ಹೆಂಡತಿಯ ತವರೂರಿಗೇ ಹೋದೆನಲ್ಲ, ಇದಕ್ಕೇನೆನ್ನಬೇಕು! ಅಲ್ಲಿನ ದನದ ಸಂತೆಗೆ ನಾನು ಹೋಗುವುದು ರೂಢಿಯಾದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ ಎಂದು ನನ್ನ ಲೆಕ್ಕಾಚಾರ. ಅಲ್ಲೊಬ್ಬ ಪಂಡಿತರು. ನಾನು ಬಾಯಿ ತೆರೆಯುವ ಮೊದಲೇ, ನಾನು ಕುಳಿತ ರೀತಿ ನೋಡಿ, "ತಿಳೀತು ಬಿಡ್ರಿ" ಎಂದರು.

"ಏನು ತಿಳೀತ್ರಿ? ಇನ್ನ ಹೇಳೇ ಇಲ್ಲ ನಾ."

"ನಲವತ್ತು ವರ್ಷ ಇದ ಕೆಲಸ ಮಾಡೀನಿ. ಮುಖದ ಮ್ಯಾಲ ಬರದಿರತದ."

"ಒಮ್ಮೆ ನೋಡಿದ್ರ..."

"ಶಿವ ಶಿವಾ! ಅದನ್ನ ನೋಡತಾರೇನ್ರಿ ಯಾರರ? ರಸದ ಗುಳಿಗಿ ಕೊಡತೀನಿ, ಇಪ್ಪತ್ತೊಂದು ದಿನ. ಉಪ್ಪು ಇಲ್ಲ, ಹುಳಿ ಇಲ್ಲ. ಹಾಲು, ಸಪ್ಪನ್ನ ರೊಟ್ಟಿ."

ಬಾಯಿ ಬಿಟ್ಟು ಕೇಳಿದ ಮೇಲೂ ನೋಡದವರ ಹತ್ತಿರ ನಾನು ಏಕೆ ಎದ್ದು ಬರಲಿಲ್ಲ ಎಂದು ಓದುವವರು ಕೇಳಬಹುದು. ನೋವಿನಲ್ಲಿರುವವನಿಗೆ ವ್ಯಾಪಾರದ ಬುದ್ಧಿ ಇರುವುದಿಲ್ಲ. ಸಂತೆಯಲ್ಲಿ ಇಪ್ಪತ್ತು ಜನರನ್ನು ಸುಮ್ಮನಾಗಿಸುವ ನಾನು ಅಲ್ಲಿ ಮಾಡಿದ ದೊಡ್ಡ ಚೌಕಾಶಿ ಎಂದರೆ, ಇಪ್ಪತ್ತೊಂದು ದಿನವನ್ನು ಹದಿನಾಲ್ಕಕ್ಕೆ ಇಳಿಸಿದ್ದು. ಪಂಡಿತರೂ ಇಳಿದರು! ಹದಿನಾಲ್ಕಾದರೂ ಸಾಕು, ಇಪ್ಪತ್ತೊಂದಾದರೂ ಸಾಕು ಎನ್ನುವ ಔಷಧ ಎಂಥ ಔಷಧ ಎಂದು ಆಗಲೇ ನನಗೆ ಹೊಳೆಯಬೇಕಿತ್ತು.

ಗುಳಿಗೆಯಲ್ಲಿ ಪಾದರಸ ಇತ್ತು. ಆರನೆಯ ದಿನಕ್ಕೆ ವಸಡು ಊದಿಕೊಂಡವು, ಬಾಯಿ ತುಂಬ ಹುಣ್ಣು, ಜೊಲ್ಲು ಸುರಿಯತೊಡಗಿತು. ಅದಕ್ಕಿಂತ ದೊಡ್ಡ ಆಪತ್ತು ಒಲೆಯ ಮುಂದೆ ಕಾದಿತ್ತು.

"ಸಾರಿಗೆ ಉಪ್ಪು ಬ್ಯಾಡ ಅಂದ್ರಿ. ಹುಣಸಿಹಣ್ಣೂ ಬ್ಯಾಡೇನು?" ಎಂದಳು ಹೆಂಡತಿ.

"ಹೊಟ್ಟಿ ಸರಿ ಇಲ್ಲ."

"ಹೊಟ್ಟಿ ಸರಿ ಇಲ್ಲಂತ ಉಪ್ಪು ಬಿಟ್ಟವರನ್ನ ನಾ ಎಲ್ಲೂ ನೋಡಿಲ್ಲ. ಹೋದ ತಿಂಗಳು ಬೆನ್ನು ಅಂದ್ರಿ."

ಅದೇ ವಾರ ಅವಳ ತಮ್ಮ ದೇವದುರ್ಗದಿಂದ ಬಂದ. ಊಟಕ್ಕೆ ಕುಳಿತೆವು. ನನ್ನ ತಾಟಿನಲ್ಲಿ ಹಾಲು ಮತ್ತು ಸಪ್ಪನೆಯ ರೊಟ್ಟಿ, ನನ್ನ ಮುಖ ಊದಿದೆ, ಕೈಯಲ್ಲಿ ಜೊಲ್ಲು ಒರೆಸುವ ಅರಿವೆ. ಅವನು ತುತ್ತು ಕೈಯಲ್ಲೇ ಹಿಡಿದು ನನ್ನನ್ನೇ ನೋಡಿದ. ಮಾನ್ವಿಯವರಿಗೆ ಗೊತ್ತಾಗದಿರಬಹುದು; ದೇವದುರ್ಗದ ಎಳೆಯ ಮಕ್ಕಳಿಗೂ ಆ ಪಥ್ಯ ಗೊತ್ತು. ಆ ಪಂಡಿತರು ಕೆಟ್ಟ ರೋಗಕ್ಕೆ ಮಾತ್ರ ಕೊಡುವ ಪಥ್ಯ ಅದು. ಅವರ ಔಷಧ ಗುಟ್ಟು, ಪಥ್ಯ ಡಂಗುರ.

"ಮಾವಾ, ನಮ್ಮೂರ ಪಂಡಿತರ ಕಡಿ ಹೋಗಿದ್ದ್ರೇನು?" ಎಂದ.

ಹೆಂಡತಿ ಸೌಟು ಕೆಳಗಿಟ್ಟಳು. ಎಲ್ಲವೂ ಒಮ್ಮೆಲೇ ಅವಳ ಮುಖದ ಮೇಲೆ ಬಂದದ್ದನ್ನು ಕಂಡೆ: ಪಡಸಾಲೆಯ ಚಾಪೆ, ಬೆನ್ನು ನೋವು, ಉಪ್ಪು.

"ಯಾವಾಕಿ?" ಎಂದಳು.

"ಯಾರೂ ಇಲ್ಲ. ದೇವರಾಣಿ ಯಾರೂ ಇಲ್ಲ."

"ಯಾರೂ ಇಲ್ಲಂದ್ರ ಆ ಗುಳಿಗಿ ಯಾಕ ನುಂಗಾಕತ್ತೀರಿ?"

ರೋಗ ಅದಲ್ಲ ಎಂದು ಹೇಳಲು ಅದು ಯಾವುದು ಎಂದು ನನಗೇ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಅವಳು ತಮ್ಮನ ಜೊತೆ ಹೊರಟುಹೋದಳು. ಮಗಳ ಅತ್ತೆಮನೆಗೆ ಈ ಸುದ್ದಿ ಮುಟ್ಟಿದರೆ ಗತಿಯೇನು ಎಂಬುದೊಂದೇ ನನ್ನ ತಲೆಯಲ್ಲಿತ್ತು. ನನ್ನ ಹೆಂಡತಿ ನನ್ನನ್ನು ನಂಬುವ ಹಾಗೆ ಮಾಡುವ ಒಂದು ಮಾತು ಬೇಕಾಗಿತ್ತು, ಗೊತ್ತಿದ್ದವರ ಬಾಯಿಂದ.

ಗುಳಿಗೆ ಬಾವಿಗೆ ಎಸೆಯಲಿಲ್ಲ, ತಿಪ್ಪೆಯಲ್ಲಿ ಹೂತೆ. ಬಾವಿಯ ನೀರು ಕುಡಿಯುವವರ ತಪ್ಪೇನು? ಆಮೇಲೆ ರಾಯಚೂರಿನ ಒಂದು ದವಾಖಾನೆಗೆ ಹೋದೆ. ದೊಡ್ಡ ಊರು, ಇಂಗ್ಲಿಷ್ ಔಷಧ, ಇಲ್ಲಾದರೂ ನೋಡುತ್ತಾರೆ ಎಂದು. ಡಾಕ್ಟರರ ಬಾಗಿಲಿಗೆ ಮುಟ್ಟುವ ಮುನ್ನ ಒಬ್ಬ ಕಂಪೌಂಡರು, ಕಟ್ಟೆಯ ಮೇಲೆ ರಿಜಿಸ್ಟರು ಇಟ್ಟುಕೊಂಡು, ನಲವತ್ತು ಮಂದಿಯ ಪಾಳಿಗೆ ಕೇಳುವಂತೆ ಕೂಗಿದ.

"ಏನಾಗ್ಯದ?"

ಹತ್ತಿರ ಬಗ್ಗಿ ಹೇಳಿದೆ.

"ಜೋರಾಗಿ ಹೇಳ್ರಿ! ಯಾವ ಊರಾಕಿ ಕಡಿಂದ ಬಂತು?"

ಪಾಳಿಯಲ್ಲಿ ನಗು ಎದ್ದಿತು. ಒಬ್ಬಳು ಮುದುಕಿ ಮಗುವನ್ನು ಆ ಕಡೆ ತಿರುಗಿಸಿಕೊಂಡಳು.

"ನಿನ್ನ ರಿಜಿಸ್ಟರಿನಾಗ ಊರಿನ ಖಾನೆ ಅದನೋ, ರೋಗದ್ದೋ?" ಎಂದೆ. "ಡಾಕ್ಟರ್ ಸಾಹೇಬರು ನೋಡಿ ಹೇಳಲಿ."

"ಡಾಕ್ಟರ್ ಸಾಹೇಬರು ಇಂಥವೆಲ್ಲ ನೋಡಂಗಿಲ್ಲ. ಬರದೀನಿ, ಗರ್ಮಿ. ಒಳಗ ಹೋಗಿ ಸೂಜಿ ಹಾಕಿಸ್ಕೋರಿ."

"ಏನ್ ಕಂಡು ಬರದಿ?"

"ಕಾಣೂದೇನದ ಅದರಾಗ?"

ಹಲ್ಲು ಅಲುಗಾಡುತ್ತಿದ್ದ ಬಾಯಿಯಲ್ಲೇ ನಾನು ಅವನಿಗೆ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಅವನು ಬರೆದ ಆ ಸಾಲು ಆ ರಿಜಿಸ್ಟರಿನಲ್ಲಿ ಎಷ್ಟು ವರ್ಷ ಇತ್ತೋ! ನೋಡದವನು ಬರೆದದ್ದು ಸರಕಾರಿ ದಾಖಲೆ, ನನ್ನ ಮೈ ನನಗೆ ಹೇಳಿದ್ದು ಸುಳ್ಳು. ಸೂಜಿ ಹಾಕಿಸಿಕೊಳ್ಳದೆ ಬಂದೆ. ಅದೊಂದೇ ಆ ವರ್ಷ ನಾನು ಮಾಡಿದ ಜಾಣತನದ ಕೆಲಸ.

ಆಮೇಲೆ ಐದಾರು ತಿಂಗಳು ಯಾರ ಹತ್ತಿರವೂ ಹೋಗಲಿಲ್ಲ. ಹೆಂಡತಿಯನ್ನು ಕರೆತರಲು ಎರಡು ಸಲ ಹೋದೆ. ಎರಡು ಸಲವೂ ಅವಳ ತಮ್ಮ ಬಾಗಿಲಲ್ಲೇ ಮಾತು ಮುಗಿಸಿದ.

ದಾರಿ ತೆರೆದದ್ದು ಮಾನ್ವಿಯ ಸಂತೆಯಲ್ಲಿ, ಒಂದು ಜಗಳದಿಂದ. ನಮ್ಮಲ್ಲಿ ದನದ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ತಿಳಿಸುತ್ತೇವೆ. ಸುತ್ತ ನಿಂತವರಿಗೆ ಮುಖ ಮಾತ್ರ ಕಾಣುತ್ತದೆ. ನಮ್ಮ ಲೆಕ್ಕದಲ್ಲಿ ನೆಟ್ಟಗಿನ ಬೆರಳು ಹತ್ತು, ಮಡಿಸಿದ ಬೆರಳು ಐದು. ಸಿರವಾರದ ಒಬ್ಬ ಸಾಬರು ಒಂದು ಜೋಡಿಗೆ ಕೈಯೊಡ್ಡಿದ್ದರು. ನಾನು ನಾಲ್ಕು ಬೆರಳು ಕೊಟ್ಟೆ. ಅವರು ತಲೆಯಾಡಿಸಿ ಎತ್ತಿನ ಹಗ್ಗ ಹಿಡಿದು ಮೂವತ್ತೈದು ಎಂದರು.

"ನಾ ನಲವತ್ತು ಹೇಳೀನ್ರಿ."

"ಅರೆ ಭಾಯಿ, ಉಂಗುರದ ಬೆರಳು ಮಡಿಸಿ ಕೊಟ್ರಿ, ಈಗ ಮಂದಿ ಎದುರು ಮಾತು ಬದಲಸ್ತೀರೇನು?"

ನನ್ನ ಮಾತನ್ನು ಸಂತೆಯಲ್ಲಿ ಯಾರೂ ಹಾಗೆ ತೆಗೆದುಹಾಕಿರಲಿಲ್ಲ. ವಲ್ಲಿ ಕಿತ್ತು ಕೈ ಎತ್ತಿ ತೋರಿಸಿದೆ. "ನೋಡ್ರಿ, ಎಲ್ಲಿ ಮಡಿಸೀನಿ?"

ಬೆರಳು ಮಡಚಿಕೊಂಡೇ ಇತ್ತು. ನೆಟ್ಟಗೆ ಮಾಡಲು ಹೋದರೆ ಆಗಲಿಲ್ಲ. ಹಗ್ಗ ಹಿಡಿದು ಹಿಡಿದು ಬಿಗಿದಿದೆ ಎಂದು ನಾನು ಗಮನ ಕೊಟ್ಟಿರಲಿಲ್ಲ. ಸಾಬರು ನನ್ನ ಅಂಗೈ ಹಿಡಿದು ತಮ್ಮ ಹೆಬ್ಬೆರಳಿನಿಂದ ಒತ್ತಿದರು. ಅಂಗೈಯಲ್ಲಿ ಒಂದು ದಾರ ಬಿಗಿದಂತೆ ಗಟ್ಟಿಯಾಗಿತ್ತು.

"ಇದು ನೀವು ಮಡಿಸಿದ್ದಲ್ಲ ಭಾಯಿ, ಬೀಮಾರಿ ಅದ. ರಾಯಚೂರು ಸ್ಟೇಷನ್ ರಸ್ತಾದಾಗ ಫೌಜಿನಿಂದ ಬಂದ ಡಾಕ್ಟರ್ ಅದಾರ, ಕೈಕಾಲು ಛಲೋ ನೋಡತಾರ. ಹೋಗ್ರಿ. ಎತ್ತು ನಲವತ್ತಕ್ಕೇ ಇರಲಿ."

ಬೆರಳಿನ ಕಾಯಿಲೆ ಬಾಯಿಬಿಟ್ಟು ಹೇಳಬಹುದಾದ ಕಾಯಿಲೆ. ಹಾಗಾಗಿ ಹೋದೆ. ಡಾಕ್ಟರರು ಕುಂಟುತ್ತ ಬಂದು ಎದುರು ಕುಳಿತು, ಎರಡೂ ಅಂಗೈ ಮೇಲೆ ಮಾಡಿಸಿ, ಒಂದೊಂದೇ ಬೆರಳನ್ನು ಬಗ್ಗಿಸಿ ಬಿಡಿಸಿ ನೋಡಿದರು. ಎತ್ತಿನ ಕಾಲನ್ನು ನಾನು ಹಾಗೇ ನೋಡುತ್ತೇನೆ. ನನ್ನ ಎದೆ ಅಷ್ಟಕ್ಕೇ ಹಗುರಾಯಿತು.

"ಅಂಗಾಲಿನಾಗ ಗಂಟು ಅದ ಏನ್ರಿ?"

"ಇಲ್ರಿ."

"ಗುಪ್ತ ಜಾಗದಾಗ? ಗಟ್ಟಿ ಹತ್ತಿದಂಗ, ಬಾಗಿದಂಗ?"

ನಾನು ಕುರ್ಚಿಯಿಂದ ಎದ್ದುನಿಂತೆ. ಒಂದು ವರ್ಷದಲ್ಲಿ ಮೊದಲ ಸಲ ಒಬ್ಬ ಮನುಷ್ಯ ಅದನ್ನು ಕೇಳಿದ್ದ.

"ನಿಮಗ ಹೆಂಗ ಗೊತ್ತಾತ್ರಿ?"

"ಗೊತ್ತಿಲ್ಲ, ಅದಕ್ಕ ಕೇಳಾಕತ್ತೀನಿ. ಕೆಲವರಿಗೆ ಕೈಯಾಗ ಇದ್ದದ್ದು ಅಲ್ಲೂ ಇರತದ. ಪರದೆ ಹಿಂದ ಬರ್ರಿ, ನೋಡೂಣು."

ನೋಡಿದರು. ಮುಟ್ಟಿದರು. ಎಷ್ಟು ದಿನದಿಂದ, ನೋವು ಯಾವಾಗ, ಮೂತ್ರಕ್ಕೆ ತೊಂದರೆ ಉಂಟೆ, ಪೆಟ್ಟು ಬಿದ್ದಿತ್ತೇ, ಏನೇನು ಔಷಧ ಮಾಡಿದಿರಿ ಎಂದು ಕೇಳಿದರು; ಪಂಡಿತರ ಗುಳಿಗೆಯವರೆಗೆ ಎಲ್ಲ ಹೇಳಿದೆ. ಕೈ ತೊಳೆದುಕೊಂಡು ಬಂದು ಹೇಳಿದರು: ಕೆಟ್ಟ ರೋಗವಲ್ಲ, ಕ್ಯಾನ್ಸರ್ ಅಲ್ಲ, ಒಬ್ಬರಿಂದ ಬಂದದ್ದಲ್ಲ, ಒಬ್ಬರಿಗೆ ಹೋಗುವುದಲ್ಲ. ಚರ್ಮದ ಕೆಳಗಿನ ಪೊರೆ ಗಟ್ಟಿಯಾಗಿದೆ. ನೋವು ವರ್ಷ, ಒಂದೂವರೆ ವರ್ಷದಲ್ಲಿ ಸಾಮಾನ್ಯವಾಗಿ ಹೋಗುತ್ತದೆ. ಬಾಗು ಉಳಿಯಬಹುದು, ಕಡಿಮೆಯೂ ಆಗಬಹುದು.

"ಔಷಧ?"

"ಖಾತ್ರಿ ಔಷಧ ಇಲ್ಲ. ಪರದೇಶದಾಗ ಏನೇನೋ ಮಾಡಿ ನೋಡಾಕತ್ತಾರ. ನನಗ ನಂಬಿಕಿ ಬಂದದ್ದು ಒಂದೂ ಇಲ್ಲ."

"ಏನರ ಒಂದು ಕೊಡ್ರಿ ಸಾಹೇಬ್ರ. ಸಣ್ಣದು."

"ಕೊಟ್ರ ನಿಮಗ ಸಮಾಧಾನ, ನನಗ ಸುಳ್ಳು. ಆ ಪಾದರಸ ಮಾತ್ರ ಮತ್ತ ಮುಟ್ಟಬ್ಯಾಡ್ರಿ, ಹಲ್ಲು ಉಳಿಯಂಗಿಲ್ಲ."

ಚೌಕಾಶಿಗೆ ಜಗ್ಗದ ಮನುಷ್ಯನನ್ನು ನಾನು ಅಂದು ಕಂಡೆ. ಇಲ್ಲ ಎಂಬ ಮಾತನ್ನು ಅಷ್ಟು ನೇರವಾಗಿ ಹೇಳಿದ್ದಕ್ಕೇ ಉಳಿದದ್ದನ್ನೆಲ್ಲ ನಂಬಿದೆ. ನೀವೂ ಹಾಗೇ ಮಾಡಿ. ಮುಟ್ಟಿ ನೋಡದವನ ಹೆಸರನ್ನೂ, ಎಲ್ಲದಕ್ಕೂ ಔಷಧ ಇದೆ ಎನ್ನುವವನ ಗುಳಿಗೆಯನ್ನೂ ಮನೆಗೆ ತರಬೇಡಿ. ನೋಡಿರಿ ಎಂದು ಬಾಯಿಬಿಟ್ಟು ಕೇಳಿ, ಒಲ್ಲೆ ಎಂದರೆ ಎದ್ದು ಬನ್ನಿ. ಅವರು ಹೇಳಿದ್ದೂ ಹಾಗೇ ಆಯಿತು: ಮುಂದಿನ ಕಾರಹುಣ್ಣಿಮೆಯ ಹೊತ್ತಿಗೆ ನೋವು ಹೋಯಿತು, ಬಾಗು ಸ್ವಲ್ಪ ಉಳಿಯಿತು, ಅದರೊಂದಿಗೆ ಬಾಳುವುದನ್ನು ಕಲಿತೆವು. ಆದರೆ ಅಂದು ನನಗೆ ಬೇಕಿದ್ದದ್ದು ಒಂದು ಚೀಟಿ.

"ಕೆಟ್ಟ ರೋಗ ಅಲ್ಲಂತ ಬರದು ಕೊಡ್ರಿ. ಹೆಂಡತಿಗೆ ತೋರಸಬೇಕು."

"ಅವರಿಗೆ ಓದಾಕ ಬರತದೇನು?"

"ಇಲ್ರಿ."

"ಮತ್ತ ಯಾರು ಓದಿ ಹೇಳತಾರ?"

"ಆಕಿ ತಮ್ಮ."

"ತಮ್ಮ ಓದೂದು ಬ್ಯಾಡ. ಅವರನ್ನೇ ಕರಕೊಂಡು ಬರ್ರಿ."

ದೇವದುರ್ಗಕ್ಕೆ ಹೋದೆ. ತಮ್ಮ ಬಾಗಿಲಿಗೆ ಅಡ್ಡ ನಿಂತಿದ್ದ. "ಏನ್ ಮಾವಾ, ಈ ಸಲ ಯಾವ ಪಥ್ಯ?" ಎಂದ. ನಾನು ಅವನ ಹೆಗಲ ಮೇಲಿಂದ ಒಳಗೆ ಕೂಗಿದೆ. ಹೆಂಡತಿ ಹೊರಗೆ ಬಂದಳು. ಕಟ್ಟೆಯ ಮೇಲೆ, ಅವನನ್ನು ದೂರ ಕಳಿಸಿ, ಬೇಸಿಗೆಯಿಂದ ಮೊದಲುಗೊಂಡು ಎಲ್ಲವನ್ನೂ ಹೇಳಿದೆ. ಬೆರಳು ತೋರಿಸಿದೆ. ಅವಳು ಅದನ್ನು ಹಿಡಿದು ಬಿಡಿಸಲು ನೋಡಿದಳು.

"ನೋಯ್ತದೇನು?"

"ಇದು ನೋಯೂದಿಲ್ಲ. ಅದು ನೋಯ್ತದ."

ಬೆರಳನ್ನು ಕೈಯಿಂದ ಬಿಟ್ಟಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

"ಹಕೀಮಗ ಹೇಳಿದ್ರಿ, ಪಂಡಿತಗ ಹೇಳಿದ್ರಿ, ರಾಯಚೂರಾಗ ಪಾಳಿ ಹಚ್ಚಿ ನಿಂತ ಮಂದಿಗೆಲ್ಲ ಹೇಳಿದ್ರಿ. ನಾ ಬಾಜೂಕ ಮಲಗಾಕಿ, ನನಗ ಹೇಳಲಿಲ್ಲ. ನಾನೇನು ಸಂತ್ಯಾಗ ಕೊಳ್ಳಾಕ ಬಂದಾಕೇನು, ಹುಡುಕಿ ತಿಳಕೊಳ್ಳಾಕ?"

ಆ ಮೂವರಿಗೆ ನಾನು ಅಂದ ಯಾವ ಮಾತೂ ಇಷ್ಟು ನೇರವಾಗಿ ಬಿದ್ದಿರಲಿಲ್ಲ.

"ನಡೀರಿ," ಎಂದಳು. "ಆ ಡಾಕ್ಟರ್ ಬಾಯಿಂದ ನಾನೇ ಕೇಳತೀನಿ."

ರಾಯಚೂರಿನಲ್ಲಿ ಅವಳು ಸೆರಗು ಹಣೆಯವರೆಗೆ ಎಳೆದುಕೊಂಡು ಡಾಕ್ಟರರ ಎದುರು ಕುಳಿತಳು. ನನ್ನನ್ನು ಹೊರಗೆ ಕೂರಲು ಹೇಳಿದಳು. ಹೇಳಿದ್ದು ಅವಳೇ, ಡಾಕ್ಟರರಲ್ಲ. ಬಾಗಿಲ ಹೊರಗಿನ ಬೆಂಚಿನ ಮೇಲೆ ಕುಳಿತು ರೈಲಿನ ಸಿಳ್ಳು ಕೇಳುತ್ತ, ನನ್ನ ಬಾಳಿನ ವ್ಯವಹಾರವೊಂದು ನಾನಿಲ್ಲದೆ ನಡೆಯುವುದನ್ನು ಮೊದಲ ಸಲ ಸಹಿಸಿಕೊಂಡೆ. ಅವಳು ಹೊರಬಂದು ಟಾಂಗಾ ಕರೆಯಿರಿ ಎಂದಳು, ಅಷ್ಟೇ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ದೇವದುರ್ಗದಲ್ಲಿ ಇಳಿದು ತವರುಮನೆಯ ಕಡೆಗೆ ನಡೆದಾಗ, ಮುಗಿಯಿತು ಎಂದುಕೊಂಡು ನಾನು ಹಿಂದೆ ಹಿಂದೆ ನಡೆದೆ.

ತಮ್ಮ ಕಟ್ಟೆಯಿಂದ ಇಳಿದು ಎದುರು ಬಂದ.

"ಏನಂದ್ರಕ್ಕಾ ಡಾಕ್ಟರು?"

"ಅವರು ನನಗ ಹೇಳ್ಯಾರ, ನಿನಗಲ್ಲ."

"ಅಲ್ಲ, ಊರ ಮಂದಿ ಕೇಳಿದ್ರ ನಾ ಏನನ್ನಲಿ?"

"ಇಷ್ಟು ದಿನ ಯಾರನ್ನ ಕೇಳಿ ಅಂದಿ? ನನ್ನ ಪೆಟಗಿ ಹೊರಗ ತಾ."